ಊಟದ ನಂತರ ಬಿಸಿನೀರು ಕುಡಿದರೆ ಕೊಲೆಸ್ಟ್ರಾಲ್ ಕರಗಿ ಹೋಗುತ್ತದೆಯೇ?

ಹರಿದಾಡುತ್ತಿರುವ ಸಂದೇಶ

“ಊಟವಾದ ಕೂಡಲೇ ತಣ್ಣೀರು ಕುಡಿದರೆ ತಿಂದ ಎಣ್ಣೆ, ತುಪ್ಪ ಹೊಟ್ಟೆಯಲ್ಲೇ ಗಟ್ಟಿಯಾಗಿ ರಕ್ತನಾಳಕ್ಕೆ ಅಂಟಿಕೊಳ್ಳುತ್ತದೆ. ಬಿಸಿನೀರು ಕುಡಿದರೆ ಕೊಲೆಸ್ಟ್ರಾಲ್ ಕರಗಿ ಹೊರಹೋಗುತ್ತದೆ.” ಇಂಥ ಸಂದೇಶ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮತ್ತೆ ಮತ್ತೆ ಬರುತ್ತಿರುತ್ತದೆ. ಇದು ನಿಜವೇ? ಪರಿಶೀಲಿಸೋಣ.

ಒಂದೇ ಮಾತಿನಲ್ಲಿ: ಇದು ತಪ್ಪು.

ತಣ್ಣೀರಿಗೆ ಕೊಬ್ಬು ಗಟ್ಟಿಯಾಗುತ್ತದೆಯೇ?

ಇಲ್ಲ. ದೇಹದೊಳಗಿನ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಕುಡಿದ ನೀರು ತಣ್ಣಗಿದ್ದರೂ ಬಿಸಿಯಿದ್ದರೂ ಸ್ವಲ್ಪ ಹೊತ್ತಿನಲ್ಲೇ ಆ ಉಷ್ಣತೆಗೆ ಬರುತ್ತದೆ. ಇನ್ನು ಕೊಲೆಸ್ಟ್ರಾಲ್ ನೀರಿನಲ್ಲಿ ಕರಗುವ ವಸ್ತುವೇ ಅಲ್ಲ. ಶುದ್ಧ ಕೊಲೆಸ್ಟ್ರಾಲ್ ಕಾಯಿಸಿ ಕರಗಿಸಲು ಸುಮಾರು 148 ಡಿಗ್ರಿ ಬೇಕು. ನೀರು ಕುದಿಯುವುದೇ 100 ಡಿಗ್ರಿಗೆ!

ಹಾಗಾದರೆ ತಿಂದ ಕೊಲೆಸ್ಟ್ರಾಲ್ ಎಲ್ಲಿಗೆ ಹೋಗುತ್ತದೆ?

ಒಂದು ಮೊಟ್ಟೆ ತಿಂದೆವು ಎಂದುಕೊಳ್ಳಿ. ಅದರ ಹಳದಿ ಭಾಗದಲ್ಲಿ ಸುಮಾರು 190 ಮಿಲಿಗ್ರಾಂ ಕೊಲೆಸ್ಟ್ರಾಲ್ ಇರುತ್ತದೆ.

1. ಸಣ್ಣ ಕರುಳಿಗೆ ಪಿತ್ತರಸ ಬಂದು ಸೇರುತ್ತದೆ. ಜಿಡ್ಡಿನ ಪಾತ್ರೆಗೆ ಸೋಪು ಮಾಡುವ ಕೆಲಸವನ್ನೇ ಇದು ಮಾಡುತ್ತದೆ: ಕೊಬ್ಬನ್ನು ಅತಿ ಸಣ್ಣ ಹನಿಗಳಾಗಿ ಒಡೆಯುತ್ತದೆ.

2. ಕರುಳಿನ ಒಳಗೋಡೆಯ ಜೀವಕೋಶಗಳಲ್ಲಿರುವ ಎನ್‌ಪಿಸಿ1ಎಲ್1 ಎಂಬ ಪ್ರೋಟೀನ್ ಬಾಗಿಲಿನಂತೆ ಕೊಲೆಸ್ಟ್ರಾಲ್ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಜೀವಕೋಶಗಳು ಅದರಲ್ಲಿ ಒಂದಷ್ಟನ್ನು ಕರುಳಿಗೇ ವಾಪಸ್ ದಬ್ಬುತ್ತವೆ. ಸರಾಸರಿ ಅರ್ಧದಷ್ಟು ಮಾತ್ರ ದೇಹಕ್ಕೆ ಸೇರುತ್ತದೆ. ಇದು ಒಬ್ಬರಿಂದ ಒಬ್ಬರಿಗೆ ಬಹಳ ಬದಲಾಗುತ್ತದೆ. ಉಳಿದದ್ದು ಮಲದಲ್ಲಿ ಹೋಗುತ್ತದೆ.

3. ಒಳಬಂದದ್ದು ಕೈಲೊಮೈಕ್ರಾನ್ ಎಂಬ ಕಣಗಳಲ್ಲಿ ತುಂಬಿಕೊಂಡು, ಮೊದಲು ದುಗ್ಧನಾಳ ಸೇರಿ, ಕುತ್ತಿಗೆಯ ಬುಡದ ಹತ್ತಿರ ರಕ್ತಕ್ಕೆ ಬರುತ್ತದೆ. ಕೊನೆಗೆ ಅದು ತಲುಪುವುದು ಯಕೃತ್ತನ್ನು.

ಅಂದರೆ ಹೊಟ್ಟೆಯಿಂದ ರಕ್ತನಾಳಕ್ಕೆ ನೇರವಾಗಿ ಜಿಡ್ಡು ಮೆತ್ತಿಕೊಳ್ಳುವ ದಾರಿಯೇ ಇಲ್ಲ.

ಹಾಗಿದ್ದರೆ ಕೊಲೆಸ್ಟ್ರಾಲ್ ಏರುವುದೇಕೆ?

ರಕ್ತದ ಕೊಲೆಸ್ಟ್ರಾಲ್‌ನಲ್ಲಿ ಹೆಚ್ಚಿನ ಪಾಲು ದೇಹವೇ ತಯಾರಿಸಿದ್ದು. ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಅನ್ನು ರಕ್ತದಿಂದ ಹೆಕ್ಕಿ ತೆಗೆಯುವುದು ಮುಖ್ಯವಾಗಿ ಯಕೃತ್ತು. ತುಪ್ಪ, ಬೆಣ್ಣೆ, ತಾಳೆ ಎಣ್ಣೆಯಂಥವುಗಳಲ್ಲಿರುವ ಸ್ಯಾಚುರೇಟೆಡ್ ಕೊಬ್ಬು ಅತಿಯಾದರೆ ಯಕೃತ್ತಿನ ಈ ಕೆಲಸ ನಿಧಾನವಾಗುತ್ತದೆ. ಆದ್ದರಿಂದ ಎಣ್ಣೆ ಪ್ಯಾಕೆಟ್ ಮೇಲಿನ “ಕೊಲೆಸ್ಟ್ರಾಲ್ ಇಲ್ಲ” ಎಂಬ ಬರಹಕ್ಕೆ ಮರುಳಾಗಬೇಡಿ. ಸಸ್ಯಜನ್ಯ ಎಣ್ಣೆಗಳಲ್ಲಿ ಕೊಲೆಸ್ಟ್ರಾಲ್ ಹೆಚ್ಚುಕಡಿಮೆ ಇರುವುದೇ ಇಲ್ಲ; ನೋಡಬೇಕಾದದ್ದು ಸ್ಯಾಚುರೇಟೆಡ್ ಕೊಬ್ಬು ಎಷ್ಟಿದೆ ಎಂಬುದನ್ನು. ಅನುವಂಶೀಯತೆಯ ಪಾತ್ರವೂ ದೊಡ್ಡದು.

ಈ ಸಂದೇಶದಿಂದ ಅಪಾಯವೇನು?

ಬಿಸಿನೀರಿನಿಂದ ತೊಂದರೆಯಿಲ್ಲ. ಅದನ್ನು ನಂಬಿ ಮಾತ್ರೆ ನಿಲ್ಲಿಸುವುದೇ ತೊಂದರೆ. ಕೊಲೆಸ್ಟ್ರಾಲ್ ಏರಿದರೆ ಸಾಮಾನ್ಯವಾಗಿ ಯಾವ ಲಕ್ಷಣವೂ ಕಾಣುವುದಿಲ್ಲ. ಹಾಗಾಗಿ “ಬಿಸಿನೀರಿನಿಂದ ಆರಾಮಾಗಿದ್ದೇನೆ” ಎನ್ನುವವರ ರಕ್ತನಾಳದಲ್ಲಿ ಏನಾಗುತ್ತಿದೆ ಎಂಬುದು ಅವರಿಗೇ ತಿಳಿಯದು. ಸ್ಟ್ಯಾಟಿನ್ ಮಾತ್ರೆ ಯಕೃತ್ತಿನಲ್ಲಿ ಕೊಲೆಸ್ಟ್ರಾಲ್ ತಯಾರಿಯನ್ನು ತಗ್ಗಿಸುತ್ತದೆ. ಎಜೆಟಿಮೈಬ್ ಮಾತ್ರೆ ಮೇಲೆ ಹೇಳಿದ ಕರುಳಿನ ಬಾಗಿಲನ್ನೇ ತಡೆಯುತ್ತದೆ. ಈ ಎರಡೂ ಕೆಲಸ ನೀರಿನಿಂದ ಆಗದು.

ಹೀಗಾಗಿ ಬಿಸಿನೀರು ಇಷ್ಟವಿದ್ದರೆ ಕುಡಿಯಿರಿ, ತಣ್ಣೀರನ್ನೂ ಕುಡಿಯಿರಿ. ಕೊಲೆಸ್ಟ್ರಾಲ್ ಎಷ್ಟಿದೆ ಎಂದು ತಿಳಿಯಲು ರಕ್ತ ಪರೀಕ್ಷೆ ಮಾಡಿಸಿ, ವೈದ್ಯರನ್ನು ಕೇಳದೆ ಮಾತ್ರೆ ಬಿಡಬೇಡಿ. ಈ ಸಂದೇಶ ನಿಮ್ಮ ಮನೆಯವರ ಗುಂಪಿಗೆ ಬಂದಿದ್ದರೆ, ಅಲ್ಲಿ ಯಾರಾದರೂ ಮಾತ್ರೆ ನಿಲ್ಲಿಸಿದ್ದಾರೆಯೇ ಎಂದು ಒಮ್ಮೆ ವಿಚಾರಿಸಿ.