ನಾಲ್ಕು ಭಾಷೆಯ ಮನೆಯಲ್ಲಿ ಏನು ನೋಡಬೇಕು?

ಔರಾದ್ ಕಡೆಯ ಹಳ್ಳಿಗಳಲ್ಲಿ ಸಂಜೆ ಏಳರ ಮೇಲೆ ರಿಮೋಟ್ ಯಾರ ಕೈಗೆ ಹೋಯಿತೋ ಮನೆಯ ಭಾಷೆ ಅವರದು. ಅಜ್ಜಿಗೆ ಮರಾಠಿ ಧಾರಾವಾಹಿ, ಸೊಸೆಗೆ ಕನ್ನಡದ್ದು, ಹುಡುಗರಿಗೆ ಹಿಂದಿಗೆ ಡಬ್ ಆದ ತೆಲುಗು ಸಿನಿಮಾ. ಬೀದರ್ ಶಹರದ ಹಳೇ ಗಲ್ಲಿಗಳಲ್ಲಾದರೆ ದಖನಿ ಮಾತೂ ಕೂಡಿಕೊಳ್ಳುತ್ತದೆ. ಹೈದರಾಬಾದ್ ಇಲ್ಲಿಂದ ಸುಮಾರು 140 ಕಿಲೋಮೀಟರ್, ಬೆಂಗಳೂರು 700ರ ಹತ್ತಿರ. ಹೀಗಿರುವಾಗ ಕನ್ನಡಿಗರು ನೋಡಲೇಬೇಕಾದ ಚಿತ್ರಗಳೆಂದು ರಾಜಧಾನಿಯಲ್ಲಿ ತಯಾರಾಗುವ ಪಟ್ಟಿ ನಮಗೆ ಸಾಲುವುದಿಲ್ಲ. ಈ ಜಿಲ್ಲೆಯ ಪ್ರೇಕ್ಷಕನಾಗಿ ನಾನು ಕೇಳುವುದು ಇಷ್ಟೇ: ತೆರೆಯ ಮೇಲಿನವರ ಬದುಕಿನಲ್ಲಿ ಈ ಸೀಮೆಯ ಮಣ್ಣು ಇದೆಯೋ ಇಲ್ಲವೋ? ಭಾಷೆ ಯಾವುದಾದರೂ ಇರಲಿ.

ಮೊದಲ ಹೆಸರು ‘ಬರ’. ಕಥೆ ಯು.ಆರ್. ಅನಂತಮೂರ್ತಿಯವರದು. ‘ಗರಂ ಹವಾ’ ಮಾಡಿದ ಎಂ.ಎಸ್. ಸತ್ಯು ಈ ಚಿತ್ರಕ್ಕಾಗಿ ಕ್ಯಾಮೆರಾ ಹೊತ್ತು ಬಂದದ್ದು ಬೀದರಿಗೇ. ಹಿಂದಿಯಲ್ಲಿ ಇದೇ ‘ಸೂಖಾ’. ಅನಂತನಾಗ್ ಇಲ್ಲಿ ಆದರ್ಶ ತುಂಬಿಕೊಂಡ ಜಿಲ್ಲಾಧಿಕಾರಿ. ಮಳೆಯಿಲ್ಲ, ಕಾಳಿಲ್ಲ, ಆದರೂ ಜಿಲ್ಲೆಯನ್ನು ಬರಪೀಡಿತ ಎಂದು ಘೋಷಿಸಲು ಮೇಲಿನವರಿಗೆ ಮನಸ್ಸಿಲ್ಲ. ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬ ಲೆಕ್ಕದಲ್ಲೇ ದಿನಗಳು ಕಳೆದು, ಹಸಿದವರ ಸಿಟ್ಟು ಕೋಮುಗಲಭೆಗೆ ತಿರುಗುತ್ತದೆ. ಬರವೆಂದರೆ ಬಿರುಕುಬಿಟ್ಟ ನೆಲದ ಮೇಲೆ ರೈತನನ್ನು ಕೂರಿಸಿ ತೋರಿಸುವುದು ಎಂದುಕೊಂಡ ಸಿನಿಮಾಗಳು ಬೇಕಾದಷ್ಟಿವೆ. ಬರ ಕಚೇರಿಯ ಕಡತಗಳಲ್ಲೂ ಹುಟ್ಟುತ್ತದೆ ಎಂದು ತೋರಿಸಿದ್ದು ಈ ಚಿತ್ರ. ಬೆಳೆ ಪರಿಹಾರಕ್ಕೆ ತಹಶೀಲ್ ಕಚೇರಿಗೆ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅನಂತನಾಗ್ ಎಂದಾಗ ಶ್ಯಾಮ್ ಬೆನಗಲ್ ಅವರ ‘ಅಂಕುರ್’ (1974) ನೆನಪಾಗದೇ ಇರದು. ಹೈದರಾಬಾದಿನ ಹತ್ತಿರದ ಹಳ್ಳಿ, ದಖನಿ ಮಾತು, ಜಮೀನ್ದಾರನ ಮಗ. 1956ರವರೆಗೆ ಹೈದರಾಬಾದ್ ರಾಜ್ಯದ ನೆರಳಲ್ಲಿದ್ದ ನಮಗೆ ಆ ವಾಡೆ, ಆ ದರ್ಪ ಪರಕೀಯವಲ್ಲ. ಕೊನೆಯಲ್ಲಿ ಒಬ್ಬ ಪುಟ್ಟ ಹುಡುಗ ಜಮೀನ್ದಾರನ ಕಿಟಕಿಯ ಗಾಜಿಗೆ ಕಲ್ಲು ಎಸೆದು ಓಡುತ್ತಾನೆ. ಸುಮಾರು ನಲವತ್ತು ವರ್ಷದ ನಂತರ ನಾಗರಾಜ ಮಂಜುಳೆ ತಮ್ಮ ಮರಾಠಿ ಚಿತ್ರ ‘ಫ್ಯಾಂಡ್ರಿ’ಯ ಕೊನೆಗೆ ಕಥಾನಾಯಕ ಹುಡುಗ ಜಬ್ಯಾನ ಕೈಯಿಂದ ಇನ್ನೊಂದು ಕಲ್ಲು ಎಸೆಯಿಸಿದರು. ಈ ಸಲ ಅದು ಬಂದದ್ದು ನೇರ ಕ್ಯಾಮೆರಾಕ್ಕೆ, ಅಂದರೆ ನೋಡುತ್ತ ಕುಳಿತ ನಮಗೆ.

‘ಫ್ಯಾಂಡ್ರಿ’ಯ ಒಂದು ದೃಶ್ಯವನ್ನು ನಾನು ಕಂಡವರಿಗೆಲ್ಲ ಹೇಳುತ್ತ ಬಂದಿದ್ದೇನೆ. ಅಪ್ಪ, ಅವ್ವ, ಅಕ್ಕ, ಜಬ್ಯಾ ಎಲ್ಲ ಸೇರಿ ಊರ ಹಂದಿ ಹಿಡಿಯಲು ಓಡಾಡುತ್ತಿದ್ದಾರೆ. ಪಕ್ಕದ ಶಾಲೆಯಲ್ಲಿ ರಾಷ್ಟ್ರಗೀತೆ ಶುರುವಾಗುತ್ತದೆ. ಜಬ್ಯಾ ನಿಂತ. ಅವನನ್ನು ನೋಡಿ ಉಳಿದವರೂ ನಿಂತರು. ಕೈಗೆ ಸಿಗುವಷ್ಟು ಹತ್ತಿರವಿದ್ದ ಹಂದಿ ಮಾತ್ರ ತನ್ನ ಪಾಡಿಗೆ ಹೋಯಿತು. ಆಮೇಲೆ ಹಿಡಿದ ಹಂದಿಯನ್ನು ಬಡಿಗೆಗೆ ಕಟ್ಟಿ ಹೊತ್ತು ಸಾಗುವಾಗ ಹಿಂದಿನ ಗೋಡೆಯಲ್ಲಿ ಅಂಬೇಡ್ಕರ್, ಸಾವಿತ್ರಿಬಾಯಿ ಫುಲೆ ಅವರ ಚಿತ್ರಗಳು. ಯಾರೂ ಏನೂ ಹೇಳುವುದಿಲ್ಲ, ಹಿನ್ನೆಲೆಯಲ್ಲಿ ಯಾವ ಭಾಷಣವೂ ಇಲ್ಲ. ಇಷ್ಟು ಸಂಯಮದ ಚಿತ್ರಕಥೆ ನಮ್ಮಲ್ಲಿ ಅಪರೂಪ.

ಮಂಜುಳೆಯವರದೇ ‘ಸೈರಾಟ್’ (2016) ನೋಡದವರು ಈ ಭಾಗದಲ್ಲಿ ಕಡಿಮೆ. ಸೊಲ್ಲಾಪುರ ಜಿಲ್ಲೆಯ ಜೋಡಿ ಓಡಿಹೋಗಿ ಸೇರುವುದು ಹೈದರಾಬಾದನ್ನು. ದುಡಿಮೆ ಅರಸಿ ನಮ್ಮವರು ಹೋಗುವುದೂ ಅಲ್ಲಿಗೇ. ಕನ್ನಡದಲ್ಲಿ ‘ಮನಸು ಮಲ್ಲಿಗೆ’ (2017) ಆಗಿ ಬಂದಿದೆ. ಆದರೆ ಮರಾಠಿ ತಿಳಿಯುವ ನಮ್ಮ ಜಿಲ್ಲೆಯವರು ಮೂಲವನ್ನೇ ನೋಡಲಿ.

ಕನ್ನಡದ್ದೇ ಬೇಕೆಂದರೆ ‘ಫೋಟೋ’ ನೋಡಿ. 2024ರಲ್ಲಿ ತೆರೆಕಂಡ, ಉತ್ಸವ್ ಗೋನವಾರ ನಿರ್ದೇಶನದ ಚಿತ್ರ. ವಿಧಾನಸೌಧದ ಮುಂದೆ ನಿಂತು ಒಂದು ಫೋಟೋ ಹೊಡೆಸಿಕೊಳ್ಳುವ ಆಸೆಯಿಂದ ರಾಯಚೂರು ಕಡೆಯ ಹುಡುಗ ಬೆಂಗಳೂರಿಗೆ, ಕೂಲಿ ಮಾಡುವ ಅಪ್ಪನ ಬಳಿ ಹೋಗುತ್ತಾನೆ. ಅಷ್ಟರಲ್ಲಿ ಲಾಕ್‌ಡೌನ್. ಅಪ್ಪ ಮಗ ನಡೆದೇ ಊರ ದಾರಿ ಹಿಡಿಯುತ್ತಾರೆ. ಪುಣೆ, ಮುಂಬೈಗೆ ದುಡಿಯಲು ಹೋದವರಿರುವ ಭಾಲ್ಕಿ, ಔರಾದಿನ ಮನೆಗಳಿಗೆ ಅದು ಸ್ವಂತ ಮನೆಯ ಕಥೆ.

ಧಾರಾವಾಹಿಗಳ ಬಗ್ಗೆ ನನ್ನ ದೂರು ದೊಡ್ಡದು. ನಮ್ಮ ಕಡೆಯ ಮಾತು ಅಲ್ಲಿ ನಗಿಸುವವರ ಪಾಲಿಗಷ್ಟೇ ಬಂದಿದೆ. ‘ಏನ್ ಮಾಡ್ಲತ್ತೀರಿ’ ಎನ್ನುವ ನಾಯಕಿಯನ್ನು ನಾನಿನ್ನೂ ಕಂಡಿಲ್ಲ. ಈಟಿವಿ ಕನ್ನಡದಲ್ಲಿ ಬಂದ ವೈಶಾಲಿ ಕಾಸರವಳ್ಳಿಯವರ ‘ಮೂಡಲ ಮನೆ’ ಉತ್ತರ ಕರ್ನಾಟಕದ ಮಾತಿಗೆ ಮನೆಯೊಳಗೆ ಗೌರವದ ಜಾಗ ಕೊಟ್ಟಿತ್ತು. ಅದು ಧಾರವಾಡ ಸೀಮೆಯ ಮಾತು, ನಮ್ಮದಲ್ಲ. ಆದರೂ ನಮ್ಮ ಹೆಣ್ಣುಮಕ್ಕಳು ತವರಿನವರ ದನಿ ಕೇಳಿದಂತೆ ಕೂತು ನೋಡಿದರು. 2020ರಲ್ಲಿ ಜೀ ಕನ್ನಡದಲ್ಲಿ ಶುರುವಾದ, ಅಂಬೇಡ್ಕರ್ ಬದುಕಿನ ಕಥೆಯಾದ ‘ಮಹಾನಾಯಕ’ ಹಿಂದಿಯಿಂದ ಡಬ್ ಆದದ್ದು. ತಾಂತ್ರಿಕವಾಗಿ ಅದರಲ್ಲಿ ಕೊರತೆಗಳಿವೆ. ಆದರೆ ರಾಜ್ಯದ ಊರೂರುಗಳಲ್ಲಿ ಜನ ಬ್ಯಾನರ್ ಕಟ್ಟಿ ಸ್ವಾಗತಿಸಿದ ಧಾರಾವಾಹಿ ಅದು. ಬಾಲಕ ಭೀಮ ತರಗತಿಯಲ್ಲಿ ಪಡುವ ಅವಮಾನವನ್ನು ಮಕ್ಕಳು ಅಪ್ಪ-ಅವ್ವನ ಪಕ್ಕ ಕೂತು ನೋಡಿದರಲ್ಲ, ಆ ಒಂದಕ್ಕೇ ನಾನು ಅದಕ್ಕೆ ಋಣಿ.

ಇನ್ನೂ ಆಗದೇ ಉಳಿದ ಕೆಲಸವೊಂದಿದೆ. ಬಸವಣ್ಣನವರ ಮೇಲೆ 1959ರಲ್ಲೇ ‘ಜಗಜ್ಯೋತಿ ಬಸವೇಶ್ವರ’ ಬಂತು. ಹೊನ್ನಪ್ಪ ಭಾಗವತರ್ ಬಸವಣ್ಣ, ರಾಜ್‌ಕುಮಾರ್ ಬಿಜ್ಜಳ. 1983ರಲ್ಲಿ ‘ಕ್ರಾಂತಿಯೋಗಿ ಬಸವಣ್ಣ’. ಎರಡೂ ಭಕ್ತಿಯ ಚಿತ್ರಗಳು. ಗಿರೀಶ ಕಾರ್ನಾಡರ ‘ತಲೆದಂಡ’ ನಾಟಕದಲ್ಲಿರುವ ಆ ಕುದಿಯುವ ಕಲ್ಯಾಣವನ್ನು ಯಾರಾದರೂ ಹತ್ತು ಕಂತುಗಳ ಸರಣಿಯಾಗಿ ತೆಗೆಯಬೇಕು, ಬಸವಕಲ್ಯಾಣದ ಕೋಟೆಯಲ್ಲೇ, ಇಲ್ಲಿಯ ಕಲಾವಿದರನ್ನು ಇಟ್ಟುಕೊಂಡು, ಇಲ್ಲಿಯ ಮಾತಿನಲ್ಲೇ.

ಅದು ಆಗುವವರೆಗೆ ಕಾಯಬೇಕಿಲ್ಲ. ನಿಜಾಮನ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರ ಹೆಸರಿನ ರಂಗಮಂದಿರ ಬೀದರಿನಲ್ಲಿದೆ. ತಿಂಗಳಿಗೊಂದು ಭಾನುವಾರ ಅಲ್ಲಿ ಪರದೆ ಕಟ್ಟಿ ಸಿನಿಮಾ ತೋರಿಸಲಿ. ಮೊದಲನೆಯದು ‘ಬರ’ ಆಗಲಿ. ಅದರ ಚಿತ್ರೀಕರಣವನ್ನು ಕಣ್ಣಾರೆ ಕಂಡ ಹಿರಿಯರನ್ನು ಕರೆದು ಮುಂದಿನ ಸಾಲಿನಲ್ಲಿ ಕೂರಿಸಲಿ, ಮುಗಿದ ಮೇಲೆ ಅವರ ಕೈಗೆ ಮೈಕ್ ಕೊಡಲಿ. ಎರಡನೆಯದು ‘ಫ್ಯಾಂಡ್ರಿ’, ಔರಾದಿನ ಯಾವುದಾದರೂ ಶಾಲೆಯ ಅಂಗಳದಲ್ಲಿ.