ಬಿಳಿಯ ಎಳೆಗಳ ಹಾದಿ

ಫ್ರಾನ್ಸಿನ ಮಿಷೆಲಿನ್ ಭೂಪಟವೊಂದನ್ನು ಮೇಜಿನ ಮೇಲೆ ಬಿಡಿಸಿ ಹಾಸಿದರೆ, ಒಂದು ಸೆಂಟಿಮೀಟರಿಗೆ ಎರಡು ಕಿಲೋಮೀಟರಿನ ಪ್ರಮಾಣದಲ್ಲಿ ರಚಿತವಾದ ಆ ಹಾಳೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ನಗರದಿಂದ ನಗರಕ್ಕೆ ಧಾವಿಸುವ ಕೆಂಪು ರೇಖೆಗಳು. ಆಮೇಲೆ ಪೇಟೆಗಳನ್ನು ಪೋಣಿಸುವ ಹಳದಿ ರೇಖೆಗಳು. ಕಣ್ಣು ಅಷ್ಟಿಷ್ಟು ಪಳಗಿದ ತರುವಾಯ ಮಾತ್ರವೇ, ಅರಳಿಯೆಲೆಯ ನರಗಳಂತೆ ಹಾಳೆಯ ತುಂಬ ಹಬ್ಬಿರುವ ಬಿಳಿಯ ಎಳೆಗಳು ಗೋಚರವಾಗುತ್ತವೆ. ಒಂದು ಹಳ್ಳಿಯ ಇಗರ್ಜಿಯಿಂದ ಮತ್ತೊಂದರ ಇಗರ್ಜಿಗೆ, ಅಲ್ಲಿಂದ ತೋಟದ ಮನೆಗೆ, ಮನೆಯಿಂದ ಹೊಳೆಯ ಸೇತುವೆಗೆ ಸಾಗುವ ಈ ಎಳೆಗಳ ಮೇಲೆ ಅಲ್ಲಲ್ಲಿ ಬಾಣದ ಮೊನೆಯಂಥ ಕಿರುಗುರುತುಗಳಿರುತ್ತವೆ: ಒಂದಿದ್ದರೆ ಏರು ನೂರಕ್ಕೆ 5ರಿಂದ 9, ಎರಡಿದ್ದರೆ 9ರಿಂದ 13, ಮೂರಿದ್ದರೆ ಅದಕ್ಕೂ ಮಿಗಿಲು, ಮೊನೆ ಯಾವ ಕಡೆಗೆ ತಿರುಗಿದೆಯೋ ಆ ಕಡೆಗೆ ಏರುವುದೆಂದು ಅರ್ಥ. ಸೈಕಲ್ ಸವಾರನು ರಾತ್ರಿ ದೀಪದ ಬಳಿ ಕುಳಿತು ಮರುದಿನದ ಪಯಣವನ್ನು ನಿಶ್ಚಯಿಸುವುದು ಈ ಎಳೆಗಳನ್ನೂ ಈ ಮೊನೆಗಳನ್ನೂ ನೋಡಿ.

ಇಂಥ ಎಳೆಗಳು ಒತ್ತಾಗಿ ನೆಯ್ದುಕೊಂಡಿರುವ ಸೀಮೆಗಳಲ್ಲಿ ನೈಋತ್ಯದ ಗ್ಯಾಸ್ಕನಿಯೂ ಒಂದು. ಅದರ ಹೃದಯಭಾಗವೇ ಇಂದಿನ ಜೆರ್ಸ್ ಜಿಲ್ಲೆ. ಪಿರೆನೀಸ್ ಪರ್ವತದ ಬುಡದಲ್ಲಿರುವ ಲಾನ್‌ಮೆಜಾಂ ಪ್ರಸ್ಥಭೂಮಿಯಿಂದ ಸಾವ್, ಜಿಮೋನ್, ಅರಾತ್ಸ್, ಜೆರ್ಸ್, ಬಾಯೀಸ್ ಎಂಬ ನದಿಗಳು ಬೀಸಣಿಗೆಯ ಕಡ್ಡಿಗಳಂತೆ ಅಗಲಿ, ಉತ್ತರದಲ್ಲಿ ಗರೊನ್ ನದಿಯ ಕಡೆಗೆ ಹರಿಯುತ್ತವೆ. ಆದುದರಿಂದ ಉತ್ತರ ದಕ್ಷಿಣವಾಗಿ ಹೋಗುವವನಿಗೆ ನದಿಯ ಬದಿಯ ಸಮಭೂಮಿಯೋ ದಿಬ್ಬದ ನೆತ್ತಿಯೋ ದೊರಕಿದರೆ, ಪೂರ್ವ ಪಶ್ಚಿಮವಾಗಿ ಹೋಗುವವನು ಗಳಿಗೆಗೊಮ್ಮೆ ಇಳಿದು ಗಳಿಗೆಗೊಮ್ಮೆ ಏರಲೇಬೇಕು. ಅದರಲ್ಲಿಯೂ ಒಂದು ವಿಶೇಷವುಂಟು. ಈ ನದಿಗಳ ಬಲದಂಡೆ ಕಡಿದಾಗಿದೆ, ಎಡದಂಡೆ ನೀಳವಾಗಿ ಮೆಲ್ಲನೆ ಓರೆಯಾಗಿದೆ. ಆ ಕಾರಣದಿಂದ ಪೂರ್ವದಿಂದ ಪಶ್ಚಿಮಕ್ಕೆ ಹೊರಟ ಸವಾರನು ರಭಸದಿಂದ ಇಳಿದು ಸಾವಧಾನವಾಗಿ ಏರುತ್ತಾನೆ, ಎದುರಿನಿಂದ ಬರುವವನು ಸಾವಧಾನವಾಗಿ ಇಳಿದು ಬೆವರು ಸುರಿಸಿ ಏರುತ್ತಾನೆ. ನೆತ್ತಿಯನ್ನು ಮುಟ್ಟಿದಾಗ ಇಬ್ಬರಿಗೂ ಕಾಣುವುದು ಒಂದೇ ನೋಟ: ಗೋಧಿ, ಸೂರ್ಯಕಾಂತಿ, ದ್ರಾಕ್ಷಿಗಳ ಹೊಲಗಳು ಅಲೆಯಲೆಯಾಗಿ ದಿಗಂತದವರೆಗೆ, ಆಕಾಶ ತಿಳಿಯಾಗಿದ್ದರೆ ದಕ್ಷಿಣದಲ್ಲಿ ಪಿರೆನೀಸಿನ ಹಿಮರೇಖೆ. ಹಾದಿಯಲ್ಲಿ ಮತ್ತೊಂದು ಜೀವವಿಲ್ಲ. ಆದರೂ ಕಾಲಡಿಯಲ್ಲಿ ನುಣುಪಾದ ಡಾಮರು ಇದೆ. ಬದಿಯಲ್ಲಿ, ಬಿಳಿಯ ಮೈಗೆ ಹಳದಿಯ ತಲೆಯನ್ನು ಹೊತ್ತ ಕಿಲೋಮೀಟರು ಕಲ್ಲು, ತನ್ನ ಮೇಲೆ ‘ಡಿ’ ಎಂಬ ಅಕ್ಷರವನ್ನೂ ಸಂಖ್ಯೆಯನ್ನೂ ಧರಿಸಿ, ಇದು ಜಿಲ್ಲೆಯ ಮಾರ್ಗವೆಂದು ಸಾರುತ್ತ ನಿಂತಿದೆ.

ಯಾರೂ ನಡೆಯದ ಹಾದಿಯನ್ನು ಇಷ್ಟು ಅಚ್ಚುಕಟ್ಟಾಗಿ ನಿರ್ಮಿಸಿದವರು ಯಾರು, ಏತಕ್ಕಾಗಿ ನಿರ್ಮಿಸಿದರು ಎಂಬ ಪ್ರಶ್ನೆ ಅಲ್ಲಿ ಸಹಜವಾಗಿಯೇ ಹುಟ್ಟುತ್ತದೆ. ಈ ಮೌನ ಪ್ರಕೃತಿದತ್ತವಾದುದಲ್ಲ. ಒಂದು ಜನಸಮುದಾಯದ ದುಡಿಮೆ ಮತ್ತು ಅದೇ ಸಮುದಾಯದ ನಿರ್ಗಮನ, ಇವೆರಡೂ ಕೂಡಿ ಇದನ್ನು ನಿರ್ಮಿಸಿದವು ಎಂಬುದೇ ಚರಿತ್ರೆ ಕೊಡುವ ಉತ್ತರ.

ನಮ್ಮ ಶಾಸನಗಳಲ್ಲಿ ಬರುವ ‘ಬಿಟ್ಟಿ’ ಎಂಬ ಮಾತಿಗೆ ಫ್ರೆಂಚರ ‘ಕೊರ್ವೆ’ ಎಂಬ ಪದ ಸರಿಯಾದ ಜೋಡಿ. 1738ರಲ್ಲಿ, ಹದಿನೈದನೆಯ ಲೂಯಿಯ ಆಳ್ವಿಕೆಯಲ್ಲಿ, ಅರ್ಥಸಚಿವ ಓರಿ ಎಂಬವನು ರಾಜಮಾರ್ಗಗಳ ಸಲುವಾಗಿ ಈ ಬಿಟ್ಟಿಯನ್ನು ರಾಜ್ಯಾದ್ಯಂತ ವ್ಯವಸ್ಥೆಗೊಳಿಸಿದನು; ರಸ್ತೆಯ ಆಸುಪಾಸಿನ ರೈತರು ಕೂಲಿಯಿಲ್ಲದೆ, ತಮ್ಮದೇ ಗಾಡಿ ಎತ್ತುಗಳೊಡನೆ ಬಂದು ದುಡಿಯಬೇಕಾಯಿತು. 1747ರಲ್ಲಿ ಸೇತುವೆ ಮತ್ತು ರಸ್ತೆಗಳ ಶಿಲ್ಪವನ್ನು ಕಲಿಸುವ ವಿದ್ಯಾಲಯವೊಂದು ಪ್ಯಾರಿಸಿನಲ್ಲಿ ಸ್ಥಾಪಿತವಾಯಿತು. ಲಿಮೂಸ್ಯಾಂ ಪ್ರಾಂತದಲ್ಲಿ ಅಧಿಕಾರಿಯಾಗಿದ್ದ ತ್ಯುರ್ಗೊ, ಈ ಬಿಟ್ಟಿಯ ಕ್ರೌರ್ಯವನ್ನು ಕಣ್ಣಾರೆ ಕಂಡು ಅದನ್ನು ಕಂದಾಯವಾಗಿ ಮಾರ್ಪಡಿಸಿದನು. ಬಿಟ್ಟಿಯ ಆಳು ಸಿಗದೆ ಹೋದುದರಿಂದ, ಅಲ್ಲಿನ ಎಂಜಿನಿಯರ್ ತ್ರೆಸಾಗೆ, ಕಲ್ಲಿನ ಪದರಗಳನ್ನು ತೆಳುವಾಗಿಯೂ ಬಿಗಿಯಾಗಿಯೂ ಹಾಸಿ ನಿತ್ಯವೂ ದುರಸ್ತಿ ಮಾಡುತ್ತಿರುವ ಹೊಸ ಕ್ರಮವನ್ನು ಕಂಡುಹಿಡಿದನು. ಮುಂದೆ ಅರ್ಥಸಚಿವನಾಗಿ 1776ರಲ್ಲಿ ತ್ಯುರ್ಗೊ ಬಿಟ್ಟಿಯನ್ನು ದೇಶದಿಂದಲೇ ತೆಗೆದುಹಾಕಿದನಾದರೂ, ಅವನ ಅಧಿಕಾರ ಹೋದ ಕೆಲವೇ ತಿಂಗಳಲ್ಲಿ ಅದು ಮರಳಿ ಬಂದಿತು. ಕ್ರಾಂತಿಯ ಮುನ್ನಾದಿನಗಳಲ್ಲಿ ಫ್ರಾನ್ಸನ್ನು ಸುತ್ತಿದ ಇಂಗ್ಲಿಷ್ ಕೃಷಿತಜ್ಞ ಆರ್ಥರ್ ಯಂಗ್, ಆ ರಾಜಮಾರ್ಗಗಳ ಭವ್ಯತೆಗೂ ಅವುಗಳ ಮೇಲೆ ಸಂಚಾರವೇ ಇಲ್ಲದ ಶೂನ್ಯತೆಗೂ ಸಮವಾಗಿ ಬೆರಗಾದನು. ರಾಜನ ಅಂಚೆ ಓಡಲು ಹೆದ್ದಾರಿ ಇದ್ದಿತು. ರೈತನ ಗಾಡಿ ಅದನ್ನು ಸೇರಲು ಇದ್ದುದು ಕೆಸರಿನ ಓಣಿ.

ಆ ಓಣಿಗಳ ಭಾಗ್ಯ ತೆರೆದುದು 1836ರ ಮೇ 21ರ ಶಾಸನದಿಂದ. ಹಳ್ಳಿಯಿಂದ ಹಳ್ಳಿಗೆ ಹೋಗುವ ಹಾದಿಗಳನ್ನು ಸುಸ್ಥಿತಿಯಲ್ಲಿಡುವುದು ಪ್ರತಿಯೊಂದು ಗ್ರಾಮದ ಕಡ್ಡಾಯ ಕರ್ತವ್ಯವೆಂದು ಅದು ವಿಧಿಸಿತು. ಗ್ರಾಮದ ಆದಾಯ ಸಾಲದೆ ಹೋದಲ್ಲಿ, 18ರಿಂದ 60 ವರ್ಷದವರೆಗಿನ ದೃಢಕಾಯ ಪುರುಷರ ತಲೆಗೆ ಇಷ್ಟೆಂದು, ಗಾಡಿಗೆ ಇಷ್ಟೆಂದು, ಎತ್ತು ಕುದುರೆಗಳಿಗೆ ಇಷ್ಟೆಂದು, ವರ್ಷಕ್ಕೆ ಮೂರು ದಿನಗಳವರೆಗೆ ದುಡಿಮೆಯನ್ನು ಪಡೆಯಬಹುದಾಗಿದ್ದಿತು. ಬೇಕೆಂದವರು ಅದರ ಬೆಲೆಯನ್ನು ಹಣವಾಗಿ ಸಲ್ಲಿಸಬಹುದಾಗಿದ್ದಿತು. ಹೆಸರು ಬದಲಾಯಿಸಿದ ಬಿಟ್ಟಿ ಇದು ಎಂದು ಗೊಣಗಿದವರಿದ್ದರು. ಗಾಡಿಯೇ ಇಲ್ಲದ ಕೂಲಿಯವನು ಗಾಡಿಯುಳ್ಳವನ ಅನುಕೂಲಕ್ಕೆ ಮೈಮುರಿಯಬೇಕೆ ಎಂಬ ಅವರ ಆಕ್ಷೇಪದಲ್ಲಿ ನ್ಯಾಯವೂ ಇದ್ದಿತು. ಆದರೂ ಹಿಂದಿನ ಬಿಟ್ಟಿ ಎಲ್ಲಿಗೋ ಹೋಗುವ ರಾಜಮಾರ್ಗಕ್ಕೆ ಸಂದಿದ್ದರೆ, ಈ ದುಡಿಮೆ ಮಾಡಿದವನ ಸ್ವಂತ ಹೊಲವನ್ನೂ ಸಂತೆಯನ್ನೂ ಕೂಡಿಸಿತು. ಎರಡು ಮೂರು ತಲೆಮಾರುಗಳಲ್ಲಿ ಫ್ರಾನ್ಸಿನ ಸುಮಾರು 37,000 ಗ್ರಾಮಗಳು ಒಂದಕ್ಕೊಂದು ಹೆಣೆದುಕೊಂಡವು. ಭೂಪಟದ ಬಿಳಿಯ ಎಳೆಗಳು ಮುಖ್ಯವಾಗಿ ಆ ನೇಯ್ಗೆಯವು.

ಹಾಕಿದ ಹಾದಿಯನ್ನು ಉಳಿಸುವವನು ‘ಕಾಂತೊನಿಯೆ’. ತನ್ನ ಪಾಲಿಗೆ ಬಂದ ಕೆಲವು ಕಿಲೋಮೀಟರುಗಳ ಉದ್ದಕ್ಕೂ ಮಳೆ ಬಿಸಿಲೆನ್ನದೆ ಚರಂಡಿ ಬಿಡಿಸಿ, ಕುಳಿ ಮುಚ್ಚಿ, ಬದಿಯ ಹುಲ್ಲು ಕೊಯ್ಯುತ್ತಿದ್ದ ಈ ನೌಕರನ ಕೈಗೆ ಬೇಕಾದ ಜಲ್ಲಿಯನ್ನು ಒಡೆದವರ ಚಿತ್ರವೊಂದನ್ನು ಗುಸ್ತಾವ್ ಕೂರ್ಬೆ 1849ರಲ್ಲಿ ಬರೆದನು. ಒಬ್ಬ ಮುದುಕ, ಒಬ್ಬ ಹುಡುಗ. ಮುದುಕ ಒಂದು ಮೊಣಕಾಲೂರಿ ಸುತ್ತಿಗೆಯೆತ್ತಿದ್ದಾನೆ, ಹುಡುಗ ಜಲ್ಲಿಯ ಬುಟ್ಟಿಯನ್ನು ತೊಡೆಗೆ ಆನಿಸಿ ಎತ್ತುತ್ತಿದ್ದಾನೆ. ಹರಕು ಅಂಗಿ, ಮರದ ಪಾದರಕ್ಷೆ. ಮುಖಗಳೆರಡೂ ನಮ್ಮತ್ತ ತಿರುಗಿಲ್ಲ. ಎರಡನೆಯ ಮಹಾಯುದ್ಧದ ಅಂತ್ಯಕಾಲದಲ್ಲಿ ಜರ್ಮನಿಯಲ್ಲಿ ಆ ಚಿತ್ರ ನಾಶವಾಯಿತು; ಅವರು ಒಡೆದಂಥ ಜಲ್ಲಿ ಮಾತ್ರ ಇಂದಿಗೂ ಡಾಮರಿನ ಅಡಿಯಲ್ಲಿ ಸ್ವಸ್ಥಾನದಲ್ಲಿದೆ.

ಹಾದಿ ಸಿದ್ಧವಾಗುತ್ತಿದ್ದಂತೆಯೇ ಜನ ಹೊರಡತೊಡಗಿದರು. 1846ರಲ್ಲಿ ಜೆರ್ಸ್ ಜಿಲ್ಲೆಯ ಜನಸಂಖ್ಯೆ 3 ಲಕ್ಷವನ್ನು ಮೀರಿದ್ದಿತು; ಇಂದು ಅದು 2 ಲಕ್ಷವೂ ಇಲ್ಲ. ರೈಲು ನಗರಗಳ ಕಡೆಗೆ ಎಳೆಯಿತು. ಫಿಲಾಕ್ಸೆರಾ ಎಂಬ ಕೀಟ ದ್ರಾಕ್ಷಿಯ ಬೇರನ್ನು ತಿಂದಿತು. ಮನೆಯ ತೊಟ್ಟಿಲುಗಳು ವಿರಳವಾದವು. ಕೊನೆಗೆ 1914ರ ಯುದ್ಧ ಹಳ್ಳಿಗಳ ಯೌವನವನ್ನೇ ಬಳಿದುಕೊಂಡು ಹೋಯಿತು. ಪಾಳುಬಿದ್ದ ಹೊಲಗಳನ್ನು ಉಳಲು 1920ರ ದಶಕದಲ್ಲಿ ಉತ್ತರ ಇಟಲಿಯಿಂದ ರೈತ ಕುಟುಂಬಗಳು ಬಂದು ನೆಲೆಸಬೇಕಾಯಿತು. ಆ ಮೇಲೆ ಮೋಟಾರು ಹೆದ್ದಾರಿಗಳು ಬಂದು ದೂರದ ಸಂಚಾರವನ್ನೆಲ್ಲ ತಮ್ಮತ್ತ ಸೆಳೆದುಕೊಂಡವು. ಫ್ರಾನ್ಸಿನಲ್ಲಿ ಇಂದು 10 ಲಕ್ಷ ಕಿಲೋಮೀಟರಿಗೂ ಹೆಚ್ಚು ರಸ್ತೆಯಿದೆ. ಅದರಲ್ಲಿ ನೂರಕ್ಕೆ ಎರಡರಷ್ಟಿರುವ ಹೆದ್ದಾರಿಗಳೂ ರಾಷ್ಟ್ರೀಯ ಮಾರ್ಗಗಳೂ ಒಟ್ಟು ಸಂಚಾರದ ಸುಮಾರು ಮೂರನೆಯ ಒಂದು ಪಾಲನ್ನು ಹೊರುತ್ತವೆ. ಬಿಳಿಯ ಎಳೆಗಳ ಪಾಲಿಗೆ ಉಳಿದುದು ಹಾಲಿನ ಗಾಡಿ, ಟ್ರಾಕ್ಟರು, ಅಂಚೆಯವನು ಮತ್ತು ಸೈಕಲ್ಲು.

ಸೈಕಲ್ಲು ಈ ಹಾದಿಗಳನ್ನು ಕಂಡುಕೊಂಡ ಕಥೆಯೂ ಹಳೆಯದು. 1890ರಲ್ಲಿ ಸೈಕಲ್ ಸವಾರರು ಕೂಡಿ ಫ್ರಾನ್ಸಿನ ಟೂರಿಂಗ್ ಕ್ಲಬ್ಬನ್ನು ಸ್ಥಾಪಿಸಿದರು. ಮರುವರ್ಷ ನಡೆದ ಪ್ಯಾರಿಸ್–ಬ್ರೆಸ್ತ್–ಪ್ಯಾರಿಸ್ ಸ್ಪರ್ಧೆಯಲ್ಲಿ ಶಾರ್ಲ್ ತೆರೋಂ ಎಂಬವನು ಸುಮಾರು 1,200 ಕಿಲೋಮೀಟರುಗಳನ್ನು 71 ಗಂಟೆ 22 ನಿಮಿಷಗಳಲ್ಲಿ ಕ್ರಮಿಸಿ ಗೆದ್ದನು. ಅವನ ಚಕ್ರಗಳಿಗೆ ಇದ್ದುದು ಕ್ಲೆರ್ಮೋಂ-ಫೆರಾಂ ನಗರದ ಮಿಷೆಲಿನ್ ಸಹೋದರರು ಹೊಸದಾಗಿ ರಚಿಸಿದ, ಬಿಚ್ಚಿ ಹಾಕಬಹುದಾದ ಗಾಳಿಟೈರು. ಅದೇ ಸಹೋದರರ ಸಂಸ್ಥೆ 1910ರಿಂದ 1913ರ ಒಳಗೆ ಇಡೀ ದೇಶವನ್ನು 47 ಹಾಳೆಗಳಲ್ಲಿ ಬರೆದು ಮುಗಿಸಿತು. ಭೂಪಟ ಮೋಟಾರಿನವರಿಗೆಂದು ಹುಟ್ಟಿದುದೇ ಹೌದು. ಆದರೆ ಮೋಟಾರಿನವನಿಗೆ ಬೇಡವಾದ ಹಾದಿಗಳನ್ನೂ ಅದು ನಿಷ್ಠೆಯಿಂದ ಬರೆದುದರಿಂದ, ಸವಾರನ ಕೈಗೆ ಅದೊಂದು ನಿಧಿಯಾಯಿತು.

ಆ ಹಾದಿಗಳ ಏರನ್ನು ಸಾಮಾನ್ಯನಿಗೆ ಸಾಧ್ಯವಾಗಿಸಿದವರು ಪೌಲ್ ದ ವಿವಿ. ‘ವೆಲೋಸಿಯೊ’ ಎಂಬ ಹೆಸರಿನಿಂದ ಪ್ರಖ್ಯಾತರಾದ ಇವರು 1853ರಲ್ಲಿ ಜನಿಸಿ, ಸೇಂತ್-ಎತಿಯೆನ್ ನಗರದಲ್ಲಿ ರೇಷ್ಮೆ ವ್ಯಾಪಾರಿಯಾಗಿದ್ದು, ಆ ವ್ಯಾಪಾರವನ್ನು ತೊರೆದು ಸೈಕಲ್ಲಿಗೇ ಬಾಳನ್ನು ಮೀಸಲಿಟ್ಟರು. 1887ರಲ್ಲಿ ಅವರು ಆರಂಭಿಸಿದ ಪತ್ರಿಕೆ ಮುಂದೆ ‘ಲ ಸಿಕ್ಲಿಸ್ತ್’ ಎಂಬ ಹೆಸರಿನಿಂದ ಬಾಳಿತು. ಏರಿಗೊಂದು, ಇಳಿತಕ್ಕೊಂದು, ಸಮಕ್ಕೊಂದು ಗೇರು ಇದ್ದರೆ ವೃದ್ಧನೂ ಬೆಟ್ಟವನ್ನು ಹತ್ತಬಲ್ಲನೆಂದು ಅವರು ದಶಕಗಳ ಕಾಲ ವಾದಿಸಿದರು, ತಾವೇ ಹತ್ತಿ ತೋರಿಸಿದರು. ಸ್ಪರ್ಧೆಗಳ ಲೋಕ ಒಪ್ಪಲಿಲ್ಲ. ಟೂರ್ ದ ಫ್ರಾನ್ಸ್ ಗೇರು ಬದಲಿಸುವ ಸಾಧನಕ್ಕೆ ಅನುಮತಿ ಕೊಟ್ಟುದು 1937ರಲ್ಲಿ, ಅವರು ತೀರಿಹೋದ ಏಳು ವರ್ಷಗಳ ಅನಂತರ. ಹಸಿವೆಗೆ ಮುನ್ನ ಉಣ್ಣು, ಬಾಯಾರುವ ಮುನ್ನ ಕುಡಿ, ಅಹಂಕಾರಕ್ಕಾಗಿ ಎಂದೂ ತುಳಿಯಬೇಡ ಎಂಬ ಅರ್ಥದ ಅವರ ನಿಯಮಗಳು ಸವಾರರಿಗೆ ಇಂದಿಗೂ ನೀತಿಶಾಸ್ತ್ರ. 1936ರ ಜೂನ್ ತಿಂಗಳಲ್ಲಿ ಎಡಪಂಥೀಯರ ಸರಕಾರ ಎರಡು ವಾರಗಳ ಸಂಬಳ ಸಹಿತ ರಜೆಯನ್ನು ಕಾರ್ಮಿಕರ ಹಕ್ಕನ್ನಾಗಿ ಮಾಡಿದಾಗ, ಜೋಡಿ ಸೈಕಲ್ಲುಗಳನ್ನೇರಿದ ತರುಣ ದಂಪತಿಗಳು ಕಾರ್ಖಾನೆಯ ನಗರಗಳಿಂದ ಹೊರಟು ಹಳ್ಳಿಯ ಹಾದಿಗಳನ್ನು ತುಂಬಿದರು. ಅಜ್ಜ ಬಿಟ್ಟುಹೋಗಿದ್ದ ಊರಿಗೆ ಮೊಮ್ಮಗನು ಅತಿಥಿಯಾಗಿ ಬಂದ ಸಮಯವದು.

ನಡುವೆ ಮೌನವಾದ ರೈಲುದಾರಿಗಳಿಗೂ ಹೀಗೆಯೇ ಮರುಜನ್ಮ ದೊರೆಯಿತು: ಬರ್ಗಂಡಿಯಲ್ಲಿ ಜಿವ್ರಿ ಮತ್ತು ಕ್ಲುನಿಗಳ ನಡುವಣ ಹಳಿಗಳ ಹಾಸು 1997ರಲ್ಲಿ ದೇಶದ ಮೊದಲ ‘ಹಸಿರುದಾರಿ’ಯಾಯಿತು. ಪ್ಯಾರಿಸ್–ಬ್ರೆಸ್ತ್–ಪ್ಯಾರಿಸ್ ಇಂದು ಹವ್ಯಾಸಿಗಳ ಯಾತ್ರೆಯಾಗಿ ನಾಲ್ಕು ವರ್ಷಗಳಿಗೊಮ್ಮೆ ನಡೆಯುತ್ತದೆ. ಅದಕ್ಕೆ ಹೋಗಬೇಕಾದರೆ ಮೊದಲು 200, 300, 400, 600 ಕಿಲೋಮೀಟರುಗಳ ಸವಾರಿಗಳನ್ನು ಮುಗಿಸಿರಬೇಕು. ಬೆಂಗಳೂರಿನ ಸುತ್ತಿನ ರಸ್ತೆಗಳಲ್ಲಿ ರಾತ್ರಿಯೆಲ್ಲ ತುಳಿದು ಅರ್ಹತೆ ಗಳಿಸಿ, ನಾರ್ಮಂಡಿ ಬ್ರಿಟನಿಗಳ ಏರಿಳಿತಗಳನ್ನು 90 ಗಂಟೆಗಳೊಳಗೆ ದಾಟಲು ಹೊರಡುವ ನಮ್ಮವರೂ ಇದ್ದಾರೆ.

ಅವರಿಗೂ, ಎಂದಾದರೊಂದು ದಿನ ಗಡಿಬಿಡಿಯಿಲ್ಲದೆ ಆ ನಾಡಿನ ಒಳಹಾದಿಯಲ್ಲಿ ಸಾಗುವ ಭಾಗ್ಯವುಳ್ಳ ಎಲ್ಲ ಓದುಗರಿಗೂ ಒಂದು ವಿಜ್ಞಾಪನೆ. ಹಳ್ಳಿಗಳ ಚೌಕದಲ್ಲಿ, ಇಗರ್ಜಿಯ ಮಗ್ಗುಲಲ್ಲೋ ಪಂಚಾಯತಿಯ ಕಟ್ಟಡದೆದುರಿನಲ್ಲೋ, ಯುದ್ಧದಲ್ಲಿ ಮಡಿದವರ ಸ್ಮಾರಕವಿರುತ್ತದೆ. ಹತ್ತು ಮನೆಯ ಊರಿನಲ್ಲಿಯೂ ಕಲ್ಲಿನ ಮೇಲೆ ಹೆಸರುಗಳಿರುತ್ತವೆ, ಒಂದೇ ಮನೆತನದ ಹೆಸರು ಎರಡು ಸಲವೂ ಬಂದಿರುವುದುಂಟು. ವರ್ಷಕ್ಕೆ ಮೂರು ದಿನ ಗಾಡಿ ಕಟ್ಟಿಕೊಂಡು ಬಂದು ಈ ಹಾದಿಗೆ ಕಲ್ಲು ಸುರಿದವರ ಮೊಮ್ಮಕ್ಕಳು ಅವರು. ನೀರು ತುಂಬಿಕೊಳ್ಳಲು ಹೇಗೂ ಅಲ್ಲಿ ಇಳಿಯುತ್ತೀರಿ. ಸೀಸೆ ತುಂಬುವಷ್ಟು ಹೊತ್ತು ನಿಂತು ಆ ಹೆಸರುಗಳನ್ನು ಓದಿ ಮುಂದಕ್ಕೆ ಹೋಗಿರಿ.