ಇಳಕಲ್ಲಿನ ಕೆಂಪು ಕಲ್ಲು, ಹರಳುಗಟ್ಟದ ಲೋಹ

ಇಳಕಲ್, ಹುನಗುಂದ ಭಾಗದ ಕ್ವಾರಿಗಳ ಕೆಂಪು ಗ್ರಾನೈಟಿಗೆ ಪಾಲಿಶ್ ಹಿಡಿದ ಮೇಲೆ ಬಗ್ಗಿ ನೋಡಬೇಕು. ಗುಲಾಬಿ ಬಣ್ಣದ ಫೆಲ್ಡ್‌ಸ್ಪಾರ್, ನಡುನಡುವೆ ಬೂದು ಸ್ಫಟಿಕ, ಅಲ್ಲಲ್ಲಿ ಕಪ್ಪು ಚುಕ್ಕೆ. ಒಂದೊಂದೂ ಬರಿಗಣ್ಣಿಗೆ ಕಾಣುವಂಥ ಹರಳು. ನೆಲದಾಳದಲ್ಲಿ ಕರಗಿದ ಶಿಲೆ ಬಲು ನಿಧಾನವಾಗಿ ಆರಿದ್ದರಿಂದ ಪರಮಾಣುಗಳಿಗೆ ಸಾಲುಗಟ್ಟಿ ಕೂರಲು ಪುರಸೊತ್ತು ಸಿಕ್ಕಿತ್ತು. ಗ್ರಾನೈಟ್ ಆಗುವ ದ್ರವವೇ ಜ್ವಾಲಾಮುಖಿಯಿಂದ ಹೊರಬಿದ್ದು ಬೇಗ ಆರಿದರೆ ಅಬ್ಸಿಡಿಯನ್ ಎಂಬ ಕರಿ ಗಾಜಾಗುತ್ತದೆ. ಅದರೊಳಗೆ ಸಾಲೂ ಇಲ್ಲ, ಶಿಸ್ತೂ ಇಲ್ಲ.

ಕರಗಿದ ಶಿಲೆ ತೀರಾ ಮಂದ, ಹಾಗಾಗಿ ಅದು ಗಾಜಾಗುವುದು ದೊಡ್ಡ ಸಂಗತಿಯಲ್ಲ. ಲೋಹದ ಕಥೆ ಬೇರೆ. ಕರಗಿದ ಲೋಹ ಸಲೀಸಾಗಿ ಹರಿಯುತ್ತದೆ, ಆರುತ್ತಿದ್ದಂತೆ ಪರಮಾಣುಗಳು ಥಟ್ಟನೆ ಸಾಲಿಗೆ ಬಂದುಬಿಡುತ್ತವೆ. 1960ರಲ್ಲಿ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಪೋಲ್ ಡುವೆಜ್ ತಂಡ ಚಿನ್ನ–ಸಿಲಿಕಾನ್ ಮಿಶ್ರಣವನ್ನು ಸೆಕೆಂಡಿಗೆ ಸುಮಾರು 10 ಲಕ್ಷ ಡಿಗ್ರಿ ವೇಗದಲ್ಲಿ ತಣಿಸಿ ಲೋಹದ ಗಾಜನ್ನು ಪಡೆಯಿತು.

ಇದಕ್ಕೂ ಮೊದಲೇ ಒಂದು ಒಗಟು ಎದ್ದಿತ್ತು. ಕರಗುಬಿಂದುವಿಗಿಂತ ಎಷ್ಟೋ ಕೆಳಗೆ ಇಳಿಸಿದರೂ ಲೋಹದ ಸಣ್ಣ ಹನಿಗಳು ದ್ರವವಾಗಿಯೇ ಉಳಿಯುವುದನ್ನು ವಿಜ್ಞಾನಿ ಡೇವಿಡ್ ಟರ್ನ್‌ಬುಲ್ ತೋರಿಸಿದ್ದರು. ಹೀಗೆ ಅತಿತಣಿದ ದ್ರವ ಹರಳುಗಟ್ಟಲು ಯಾಕೆ ಹಿಂಜರಿಯುತ್ತದೆ? 1952ರಲ್ಲೇ ಭೌತವಿಜ್ಞಾನಿ ಚಾರ್ಲ್ಸ್ ಫ್ರಾಂಕ್ ಒಂದು ಊಹೆ ಮುಂದಿಟ್ಟಿದ್ದರು: ದ್ರವದಲ್ಲಿ ಒಂದು ಪರಮಾಣುವಿನ ಸುತ್ತ 12 ಪರಮಾಣುಗಳು 20 ತ್ರಿಕೋನ ಮುಖಗಳ ಗುಂಪಾಗಿ ಕೂರುತ್ತವೆ. ಈ ಜೋಡಣೆಗೆ ತಗಲುವ ಶಕ್ತಿ ಕಡಿಮೆ, ಆದರೆ ಅದಕ್ಕೆ ಐದು ಮಡಿ ಸಮಮಿತಿ, ಅಂದರೆ ಸುತ್ತಿನ ಐದನೇ ಒಂದು ಪಾಲು ತಿರುಗಿಸಿದರೂ ಅದು ಹಾಗೇ ಕಾಣುತ್ತದೆ. ನಾಲ್ಕು ಮೂಲೆಯ ಫರಸಿಯಿಂದ ನೆಲ ತುಂಬಬಹುದು, ಆರು ಮೂಲೆಯದರಿಂದಲೂ ತುಂಬಬಹುದು. ಐದು ಸಮ ಮೂಲೆಯದನ್ನು ಹಾಸಿದರೆ ಸಂದು ಉಳಿದೇ ಉಳಿಯುತ್ತದೆ. ಹರಳಾಗಬೇಕೆಂದರೆ ಈ ಗುಂಪುಗಳು ಮೊದಲು ಒಡೆಯಬೇಕು. ನನಗಂತೂ ಗಾಜಿನ ವಿಜ್ಞಾನದಲ್ಲಿ ಇದಕ್ಕಿಂತ ಚೆಂದದ ಊಹೆ ಕಂಡಿಲ್ಲ.

ಊಹೆಯನ್ನು ಒರೆಗೆ ಹಚ್ಚಲು ಅರ್ಧ ಶತಮಾನವೇ ಬೇಕಾಯಿತು. ಪಾತ್ರೆಯಲ್ಲಿ ಕರಗಿಸಿದರೆ ಅದರ ಗೋಡೆಯಲ್ಲೇ ಹರಳು ಹುಟ್ಟಿಬಿಡುತ್ತದೆ. ಅಮೆರಿಕದ ಕೆನ್ನೆತ್ ಕೆಲ್ಟನ್ ಮತ್ತು ಸಂಗಡಿಗರು ಪಾತ್ರೆಯ ಗೊಡವೆಯೇ ಬೇಡವೆಂದು ಟೈಟಾನಿಯಂ–ಜಿರ್ಕೋನಿಯಂ–ನಿಕ್ಕೆಲ್‌ನ ಪುಟ್ಟ ಹನಿಯನ್ನು ವಿದ್ಯುತ್ ಕ್ಷೇತ್ರದಲ್ಲಿ ತೇಲಿಬಿಟ್ಟರು, ಲೇಸರಿನಿಂದ ಕರಗಿಸಿದರು, ಆರುತ್ತಿರುವಾಗಲೇ ಅದರ ಮೂಲಕ ಎಕ್ಸ್-ಕಿರಣ ಹಾಯಿಸಿದರು. 2003ರಲ್ಲಿ ಪ್ರಕಟವಾದ ಫಲಿತಾಂಶ: ದ್ರವ ತಣಿದಷ್ಟೂ ಆ ಐದು ಮಡಿ ಜೋಡಣೆ ಹೆಚ್ಚುತ್ತದೆ. ಕೊನೆಗೆ ಮೊದಲು ಹುಟ್ಟುವುದು ಹೆಚ್ಚು ಸ್ಥಿರವಾದ ಮಾಮೂಲಿ ಹರಳಲ್ಲ, ಐದು ಮಡಿಯನ್ನು ಉಳಿಸಿಕೊಂಡ, ಶಿಸ್ತಿದ್ದರೂ ಒಂದೇ ವಿನ್ಯಾಸ ಮರುಕಳಿಸದ ಕ್ವಾಸಿಹರಳು! ಇದೇ ಬಳಗದ, ಹತ್ತು ಮಡಿಯ ಕ್ವಾಸಿಹರಳನ್ನು 1985ರಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಚಟ್ಟೋಪಾಧ್ಯಾಯ, ಎಸ್. ರಂಗನಾಥನ್ ಮತ್ತು ಸಂಗಡಿಗರು ಅಲ್ಯೂಮಿನಿಯಂ–ಮ್ಯಾಂಗನೀಸ್‌ನಲ್ಲಿ ಗುರುತಿಸಿದ್ದರು.

ಎಲ್ಲ ಮಿಶ್ರಲೋಹಕ್ಕೂ ಇದೇ ಲೆಕ್ಕವಲ್ಲ. ಪಲ್ಲಾಡಿಯಂ–ನಿಕ್ಕೆಲ್–ರಂಜಕದ ಗಾಜಿನಲ್ಲಿ ರಂಜಕದ ಸುತ್ತ ಲೋಹದ ಪರಮಾಣುಗಳು ಪಟ್ಟಕದ ಆಕಾರದಲ್ಲಿ ನಿಲ್ಲುತ್ತವೆ. ಇನ್ನು ಜಿರ್ಕೋನಿಯಂ, ಟೈಟಾನಿಯಂ, ತಾಮ್ರ, ನಿಕ್ಕೆಲ್, ಬೆರಿಲಿಯಂ ಐದನ್ನೂ ಬೆರೆಸಿದರೆ ಸಣ್ಣ, ದೊಡ್ಡ ಪರಮಾಣುಗಳು ಒತ್ತೊತ್ತಾಗಿ ಕೂತು ದ್ರವ ಮೊದಲೇ ಮಂದವಾಗಿರುತ್ತದೆ. ಸೆಕೆಂಡಿಗೆ ಸುಮಾರು 1 ಡಿಗ್ರಿಯಂತೆ ಆರಿಸಿದರೂ ಅದು ಗಾಜೇ ಆಗುತ್ತದೆ, ಅದೂ ಸೆಂಟಿಮೀಟರುಗಟ್ಟಲೆ ದಪ್ಪಕ್ಕೆ.